ಕಂದು ಗುಂಡಿಗಳ ಕಲ್ಲು

ನನ್ನ ಗಂಡ ಫರಾಮರ್ಜ್ ಆ ಕಲ್ಲನ್ನು ಮೀನಿನ ತೊಟ್ಟಿಗೆ ಇಳಿಸಿದ ದಿನ ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡಿದ್ದ. ಕಣ್ಣಿಗೆ ಬಂದರಿನ ವರ್ಕ್‌ಶಾಪಿನಿಂದ ತಂದ ಕನ್ನಡಕ. ನನಗೆ ನಗು ಬಂದಿತ್ತು.

"ಒಂದು ಕಲ್ಲಿಗೆ ಇಷ್ಟು ಹೆದರ್ತೀಯಾ?"

"ಕಲ್ಲಿಗಲ್ಲ. ಇವಕ್ಕೆ."

ಕಲ್ಲಿನ ತುಂಬ ಅಂಗಿಯ ಗುಂಡಿಗಳಂಥ ಕಂದು ಜೀವಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ದೀಪ ಹತ್ತಿದರೆ ಅರಳುತ್ತಿದ್ದವು, ಆರಿದರೆ ಮುದುಡುತ್ತಿದ್ದವು. ನೋಡಲು ಅಂಥ ಚೆಂದವೇನೂ ಇರಲಿಲ್ಲ.

"ನೀರೊಳಗೆ ಇರೋವರೆಗೂ ಪಾಪದವು. ಉಜ್ಜಬಾರ್ದು. ಬಿಸಿನೀರಂತೂ ತಾಗಿಸ್ಲೇಬಾರ್ದು. ಆ ಆವಿ ಎದೆಗೆ ಇಳಿದ್ರೆ ಉಸಿರು ಕಟ್ಟುತ್ತೆ. ಮೈಕೈ ಸ್ನಾಯು ಹಿಡ್ಕೊಳ್ಳುತ್ತೆ. ಹೃದಯಾನೂ ಹಿಡೀಬಹುದು. ಅದಕ್ಕೆ ಅಂತ ಔಷಧಿ ಇಲ್ಲ, ನಸ್ತರನ್. ನೆನಪಿಟ್ಕೋ."

ನೆನಪಿಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿದ್ದವರು ಆಗ ನಮ್ಮ ಮನೆಯಲ್ಲಿ ಇರಲಿಲ್ಲ. ಅವರು ಬಂದಮೇಲೆ ನಾನು ಮಾತಾಡುತ್ತಿರಲಿಲ್ಲ.

ಆಬಾನ್ ತಿಂಗಳ ಕೊನೆಯಲ್ಲಿ, ಚಳಿ ಇನ್ನೂ ಶುರುವಾಗುವ ಮುನ್ನ, ಬೊರಾಜ್‌ಜಾನ್ ಊರಿನ ರಸ್ತೆಯಲ್ಲಿ ಫರಾಮರ್ಜನ ಕಾರು ಲಾರಿಯ ಅಡಿಗೆ ಹೋಯಿತು. ನನಗೆ ಇಪ್ಪತ್ತೊಂಬತ್ತು. ನಲವತ್ತನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟಮೇಲೆ ಅತ್ತೆ ಮಾತ್ರ ಉಳಿದರು. ಹಜಾರದ ಮೂಲೆಯಲ್ಲಿ ಹಾಸಿಗೆ ಬಿಡಿಸಿ, "ನಿನ್ನೊಬ್ಬಳನ್ನೇ ಬಿಟ್ಟು ಹೋದ್ರೆ ಬುಶೆಹ್ರ್ ಊರಿನ ಜನ ನನ್ನ ಬಾಯಿಗೆ ಮಣ್ಣು ಹಾಕ್ತಾರೆ" ಅಂದರು. ನಾನು ತೊಟ್ಟಿಯನ್ನು ನೋಡುತ್ತಿದ್ದೆ.

ಅದನ್ನು ಫರಾಮರ್ಜ್ ಸೋಮಾರಿಯ ತೊಟ್ಟಿ ಎನ್ನುತ್ತಿದ್ದ. ಇನ್ನೂರು ಲೀಟರ್ ಉಪ್ಪುನೀರಿಗೆ ಮೂರೇ ಮೀನು. ಎರಡು ದಿನಕ್ಕೊಮ್ಮೆ ಎರಡು ಬೆರಳಿಗೆ ಸಿಕ್ಕಷ್ಟು ತಿನಿಸು. ಅರ್ಧ ನಿಮಿಷದಲ್ಲಿ ತಿಂದು ಮುಗಿಸಬೇಕು, ಉಳಿದರೆ ಅದೇ ಕೊಳೆ. ಬಿಸಿಲು ಬೀಳದ ಗೋಡೆ. ದೀಪ ದಿನಕ್ಕೆ ಆರು ಗಂಟೆ, ಅದೂ ತಾನಾಗಿಯೇ ಹತ್ತಿ ತಾನಾಗಿಯೇ ಆರುತ್ತದೆ. ಆವಿಯಾಗಿ ಇಳಿದಷ್ಟು ಸಿಹಿನೀರು ತುಂಬಬೇಕು. ಹದಿನೈದು ದಿನಕ್ಕೊಮ್ಮೆ ಒಂದು ಬಕೆಟ್ ನೀರು ಬದಲಿಸಬೇಕು. ಮುಂದಿನ ಗಾಜನ್ನು ಮಾತ್ರ ಒರೆಸಬೇಕು. ಹಿಂದಿನ ಗಾಜಿನ ಹಸಿರು ಬಸವನಹುಳುಗಳಿಗೆ ಸೇರಿದ್ದು. ಕಲ್ಲುಗಳ ಸಣ್ಣ ರಂಧ್ರಗಳಲ್ಲಿ ಕಣ್ಣಿಗೆ ಕಾಣದ ಜೀವಗಳಿದ್ದು ಮೀನಿನ ಹೊಲಸನ್ನು ತಿಂದು ನೀರು ಕಾಯುತ್ತವೆ. ಆ ಕಲ್ಲುಗಳನ್ನು ಚೆನ್ನಾಗಿ ತೊಳೆದವನ ತೊಟ್ಟಿ ವಾರದಲ್ಲಿ ಸಾಯುತ್ತದೆ. ಇಷ್ಟೇ ಅವನ ವಿದ್ಯೆ. ಉಳಿದದ್ದೆಲ್ಲ ಕೈಕಟ್ಟಿ ಕೂರುವುದು.

ಕೈಕಟ್ಟಿ ಕೂರುವುದು ಆ ಚಳಿಗಾಲದಲ್ಲಿ ನನಗೂ ಆಗುತ್ತಿತ್ತು. ಮನೆಯಲ್ಲಿ ನನ್ನಿಂದ ಏನನ್ನೂ ಕೇಳದ್ದು ಆ ತೊಟ್ಟಿಯೊಂದೇ. ನೀರು ತಿಳಿಯಾಗಿಯೇ ಇತ್ತು.

ಅತ್ತೆಗೆ ಕಂಡದ್ದು ಬೇರೆ.

"ಇದು ಮೀನಿನ ತೊಟ್ಟಿಯೋ, ಮೀನು ಮಾರ್ಕೆಟ್ಟಿನ ಮೋರಿಯೋ?"

"ಹಾಗೇ ಇರಬೇಕು, ಮಾಮಾನ್," ಎಂದೆ. ಅವನಂತೆ ನಾನೂ ಅತ್ತೆಯನ್ನು ಮಾಮಾನ್, ಅಮ್ಮ, ಎಂದೇ ಕರೆಯುತ್ತಿದ್ದೆ.

"ಪಾಚಿ ಬೆಳೆಸೋದನ್ನ ಶಿರಾಜ್ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ರಾ? ನಾದಿರ್ ಶಾ ಯಾವ ವರ್ಷ ಸತ್ತ ಅಂತ ಕೇಳಿದ್ರೆ ಹೇಳ್ತೀಯ. ಅಡುಗೆಮನೆ ಪರದೆ ಯಾವ ವರ್ಷ ಒಗೆದಿದ್ದು ಅಂತ ಕೇಳಿದ್ರೆ ಬಾಯಿಲ್ಲ."

ನಾನು ಇತಿಹಾಸ ಓದಿದವಳು. ಪರದೆ ಯಾವಾಗ ಒಗೆದದ್ದೆಂದು ನಿಜವಾಗಿ ನೆನಪಿರಲಿಲ್ಲ.

ವರ್ಷದ ಕೊನೆಯ ಎಸ್ಫಂದ್ ತಿಂಗಳು ಬಂತು. ಹೊಸವರ್ಷದ ಹಬ್ಬ ನೌರೋಜಿಗೆ ಮುಂಚೆ ಊರಿಗೆ ಊರೇ ಮನೆ ಕೊಡವಿ ತೊಳೆಯುತ್ತದೆ. ಕಂಬಳಿ, ಪರದೆ, ಒಲೆಯ ಹಿಂದಿನ ಜಿಡ್ಡು, ಅಟ್ಟದ ಮೇಲಿನ ಸೂಟ್‌ಕೇಸು, ಒಂದೂ ಬಿಡುವ ಹಾಗಿಲ್ಲ. ಸಾವಾದ ಮನೆಯಲ್ಲಿ ಹಬ್ಬವಿಲ್ಲ, ಆದರೆ ಸಾವಿನ ನಂತರದ ಮೊದಲ ನೌರೋಜಿನ ದಿನ ಬಳಗವೆಲ್ಲ ಮೊದಲು ಆ ಮನೆಗೇ ಬರುತ್ತದೆ. ಬಂದು ಕೂರುತ್ತದೆ, ಕಹಿ ಕಾಫಿ ಕುಡಿಯುತ್ತದೆ, ಖರ್ಜೂರ ತಿನ್ನುತ್ತದೆ, ಗೋಡೆಗಳನ್ನು ನೋಡುತ್ತದೆ. ಅತ್ತೆಗೆ ಆ ದಿನದ ಭಯ ಹಿಡಿದಿತ್ತು. ಬಾಗಿಲಿನ ಹಿಡಿಕೆಗಳನ್ನು ಟೂತ್‌ಬ್ರಷ್ಷಿನಿಂದ ಉಜ್ಜಿದರು. ನನ್ನ ಪುಸ್ತಕಗಳನ್ನು ಒಂದೊಂದಾಗಿ ಬಡಿದು ಎತ್ತರದ ಪ್ರಕಾರ ಜೋಡಿಸಿದರು.

"ಅವನ ಚಿಕ್ಕಮ್ಮಂದಿರು ಬಂದು ಮೊದಲು ನೋಡೋದೇ ಈ ತೊಟ್ಟೀನ," ಅಂದರು ಒಂದು ಬೆಳಿಗ್ಗೆ. "ಗಂಡ ಮಣ್ಣಿಗೆ ಹೋದ, ಹೆಂಡತಿ ಅವನ ಮೀನನ್ನ ಕೆಸರಲ್ಲಿ ಕೊಳೆಸ್ತಾ ಕೂತಿದ್ದಾಳೆ ಅಂತಾರೆ."

"ಅಂದ್ಕೊಳ್ಲಿ."

"ನಿನಗೆ ಅಂದ್ಕೊಳ್ಲಿ. ನನಗೆ ಅವನೊಬ್ಬನೇ ಮಗ."

ಆಗ ಹೇಳಬಹುದಿತ್ತು. ಒಂದೇ ವಾಕ್ಯದ ಮಾತು. ನಾನು ಕಂಬಳಿಗಳನ್ನೆತ್ತಿಕೊಂಡು ಬಚ್ಚಲಿಗೆ ಹೋದೆ.

ಹೊರಗೆ ಧೂಳುಗಾಳಿ ಎದ್ದಿತ್ತು. ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ತೊಳೆದ ಮನೆಗೆ ಧೂಳು ನುಗ್ಗಬಾರದೆಂದು ಅತ್ತೆ ಎಲ್ಲ ಕಿಟಕಿಗಳನ್ನೂ ಮುಚ್ಚಿ ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿದ್ದರು. ನಾನು ಬಚ್ಚಲ ತೊಟ್ಟಿಯಲ್ಲಿ ನೀರು ಬಿಟ್ಟುಕೊಂಡು ಕಂಬಳಿ ತುಳಿಯತೊಡಗಿದೆ. ಕಾಲಡಿ ಕಂದು ನೊರೆ ಏಳುತ್ತಿತ್ತು. ನಲ್ಲಿಯ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಎಷ್ಟು ಹೊತ್ತು ತುಳಿದೆನೋ. ಮುಕ್ಕಾಲು ಗಂಟೆ ಇರಬಹುದು.

ಬಾಗಿಲು ತೆರೆದಾಗ ಮೊದಲು ವಾಸನೆ ಬಂತು. ಕಡಲಿನ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತರೆ ಬರುವ ವಾಸನೆ, ಆದರೆ ಬೆಂದದ್ದು.

ಹಜಾರಕ್ಕೆ ಬಂದೆ. ತೊಟ್ಟಿಯ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಮೂರು ಮೀನುಗಳೂ ಒಂದೇ ಮೂಲೆಗೆ ಒತ್ತಿಕೊಂಡಿದ್ದವು. ನಡುವಿನ ಕಲ್ಲುಗಳ ಜಾಗ ಖಾಲಿ. ನೆಲದ ಮೇಲೆ ಅಲ್ಲಿಂದ ಅಡುಗೆಮನೆಯವರೆಗೆ ನೀರಿನ ಗುರುತು. ನನ್ನ ಎದೆ ಬಡಿದುಕೊಂಡಿತು. ಫರಾಮರ್ಜ್ ಸತ್ತ ಆಬಾನಿನ ನಂತರ ಅದು ಬಡಿದದ್ದು ನನಗೆ ಕೇಳಿಸಿದ್ದು ಅದೇ ಮೊದಲು.

ಅಡುಗೆಮನೆಯ ಬಾಗಿಲು ಮುಚ್ಚಿತ್ತು. ತೆರೆದೆ. ಬಿಳಿ ಆವಿ ಮುಖಕ್ಕೆ ಬಡಿಯಿತು. ಮುಹರ್ರಮ್ಮಿಗೆ ಬೀದಿಗೆಲ್ಲ ಹಂಚುವ ಅಡುಗೆ ಮಾಡುವ ದೊಡ್ಡ ಪಾತ್ರೆ ಒಲೆಯ ಮೇಲೆ ಕುದಿಯುತ್ತಿತ್ತು. ಅತ್ತೆ ತೋಳು ಮಡಚಿ, ಉದ್ದ ಹಿಡಿಯ ಬ್ರಷ್ಷಿನಿಂದ ಅದರೊಳಗೆ ಉಜ್ಜುತ್ತಿದ್ದರು. ಕನ್ನಡಕದ ಗಾಜು ಮಬ್ಬಾಗಿತ್ತು.

"ಬಂದ್ಯಾ? ನೋಡಿಲ್ಲಿ. ಹಲ್ಲಿನ ಹಾಗೆ ಬೆಳ್ಳಗಾಗಿದೆ. ಈ ಕಂದು ಗುಂಡಿಗಳು ಒಂದೇ ಹಟ, ಕೀಳೋಕ್ಕೇ ಬರ್ತಿರಲಿಲ್ಲ. ಕುದಿಸಿದಮೇಲೆ ಸಿಪ್ಪೆ ಬಿಟ್ಟ ಹಾಗೆ…"

ಕೆಮ್ಮಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ಇದನ್ನು ಬರೆಯಲೇಬೇಕು. ನಾಲ್ಕೈದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತಿದ್ದೆ. ಆಮೇಲೆ ತಲೆವಸ್ತ್ರದ ಅಂಚನ್ನು ಮೂಗಿಗೆ ಒತ್ತಿ, ಒಲೆ ಆರಿಸಿ, ಕಿಟಕಿ ತೆರೆದು, ಅವರ ರಟ್ಟೆ ಹಿಡಿದು ಎಳೆದೆ.

"ಏನಾಯ್ತೇ ನಿನಗೆ? ಧೂಳು ಬರುತ್ತೆ. ಪಾತ್ರೆ…"

"ಹೊರಗೆ ಬನ್ನಿ."

"ತಲೆ ಕೆಟ್ಟಿದ್ಯಾ? ಬ್ರಷ್ ಆದ್ರೂ ಇಡೋಕೆ ಬಿಡು."

"ಅದರಲ್ಲಿ ವಿಷ ಇದೆ, ಮಾಮಾನ್."

ಹಜಾರದಲ್ಲಿ ನಿಂತು ನನ್ನನ್ನು ನೋಡಿದರು. ಮುಖವೆಲ್ಲ ಬೆವರು. ನಾನು ಅಡುಗೆಮನೆ ಬಾಗಿಲು ಎಳೆದು, ಕಿಟಕಿ ಸಂದಿಯಿಂದ ಕಿತ್ತ ಒದ್ದೆ ಬಟ್ಟೆಯನ್ನು ಅದರ ಬುಡಕ್ಕೆ ಒತ್ತಿದೆ. ಉಳಿದ ಕಿಟಕಿಗಳನ್ನು ತೆರೆದೆ. ಧೂಳು ಒಳಗೆ ಸುರಿಯಿತು.

"ವಿಷ ಇದ್ರೆ ನನ್ನ ಮಗ ಮನೇಲಿ ಇಡ್ತಿದ್ನಾ?" ಎಂದರು.

ಇಟ್ಟಿದ್ದ.

"ಆಸ್ಪತ್ರೆಗೆ ಹೋಗೋಣ."

"ಕಲ್ಲು ತೊಳೆದೆ ಅಂತ ಆಸ್ಪತ್ರೆಗೆ ಹೋದ್ರೆ ಡಾಕ್ಟರು ಹುಚ್ಚಾಸ್ಪತ್ರೆ ದಾರಿ ತೋರಿಸ್ತಾರೆ. ಗಂಟಲು ಸ್ವಲ್ಪ ಕೆರೀತಿದೆ, ಅಷ್ಟೆ. ಕಲ್ಲುಸಕ್ಕರೆ ಹಾಕಿ ಒಂದು ಚಹಾ ಕೊಡು."

"ಅಡುಗೆಮನೆಗೆ ಹೋಗೋ ಹಾಗಿಲ್ಲ."

"ಆಯ್ತು, ಚಹಾಕ್ಕೂ ಬೀಗ ಹಾಕಿದ್ಯಲ್ಲ."

ಅವರ ಮುಖ, ಕೈ ತೊಳೆಸಿದೆ. ಬಟ್ಟೆ ಬದಲಿಸಿಕೊಳ್ಳಲು ಬೇಡಿಕೊಂಡೆ, ಬೈಯುತ್ತ ಬದಲಿಸಿಕೊಂಡರು. ಫೋನಿನಲ್ಲಿ ಆಂಬುಲೆನ್ಸಿಗೆ ಹೇಳಿದೆ. ಹಬ್ಬದ ವಾರ, ಧೂಳು ಬೇರೆ, ಕಾಯಬೇಕಾಗುತ್ತದೆ ಎಂದರು. ಕುರ್ಚಿಯಲ್ಲಿ ಕೂತ ಅತ್ತೆಯ ಉಸಿರಿಗೆ ಕಿವಿಕೊಟ್ಟು ನಾನು ನೆಲದ ಮೇಲೆ ಕೂತೆ. ಮೊದಲು ಕೆಮ್ಮಿನ ನಡುವೆ ಮಾತಾಡಿದರು. ಪರದೆ ಇಸ್ತ್ರಿ ಆಗಿಲ್ಲ ಎಂದರು. ಖರ್ಜೂರ ಎಲ್ಲಿಂದ ತರಿಸುವುದೆಂದರು. ಆಮೇಲೆ ಮಾತಿನ ನಡುವೆ ಕೆಮ್ಮಿದರು. ಆಮೇಲೆ ಮಾತು ನಿಂತಿತು.

"ಚಳಿ," ಎಂದರು. ಹೊರಗೆ ಮೂವತ್ತು ಡಿಗ್ರಿ.

ಅವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಉಸಿರೆಳೆಯುವಾಗ ಕತ್ತಿನ ಬುಡದ ಗುಳಿ ಒಳಗೆ ಹೋಗುತ್ತಿತ್ತು. ಫರಾಮರ್ಜ್ ಹೇಳಿದ ಒಂದೊಂದು ಪದವೂ ಅದೇ ಕ್ರಮದಲ್ಲಿ ನನ್ನ ಕಣ್ಣೆದುರು ನಡೆಯತೊಡಗಿತ್ತು. ಮೊದಲು ಉಸಿರು. ಮುಂದಿನದು ಸ್ನಾಯು. ಅದರ ಮುಂದಿನದು ನನಗೆ ಗೊತ್ತಿತ್ತು.

ಆಂಬುಲೆನ್ಸಿಗೆ ಕಾಯುವುದನ್ನು ಬಿಟ್ಟು ಕೆಳಗಿನ ಮನೆಯ ಖೊದಾಕರಂ ಅವರ ಬಾಗಿಲು ಬಡಿದೆ. ಬಂದರಿನಿಂದ ನಿವೃತ್ತರಾದವರು, ಹಳೆಯ ಕಾರಿದೆ. ಪೈಜಾಮದಲ್ಲೇ ಬಂದು ಅತ್ತೆಯನ್ನು ಅರ್ಧ ಹೊತ್ತುಕೊಂಡು ಮೆಟ್ಟಿಲು ಇಳಿಸಿದರು. ಕಾರಿನಲ್ಲಿ ಧೂಳಿನ ನಡುವೆ ದೀಪ ಹಾಕಿ ಓಡಿಸುತ್ತ, "ಹಾಜ್ ಖಾನಂ, ನಿಮಗೆ ಬೆನ್ನು ಮಾಡಿ ಕೂತಿದ್ದೀನಿ, ಕ್ಷಮಿಸಬೇಕು" ಎಂದು ಹಿರಿಯರಿಗೆ ಹೇಳುವ ಉಪಚಾರದ ಮಾತು ಹೇಳಿದರು.

ಅತ್ತೆ ಒಂದು ಉಸಿರು ಹುಡುಕಿಕೊಂಡು, "ನಿಮ್ಮ… ಬೆನ್ನಿಗೆ… ನೋವು ಬರದಿರಲಿ" ಎಂದರು. ಆ ಮರ್ಯಾದೆಗೆ ಇದ್ದಬದ್ದ ಉಸಿರೆಲ್ಲ ಖರ್ಚಾಯಿತು. ತಲೆ ನನ್ನ ಭುಜದ ಮೇಲೆ ಬಿತ್ತು. ಬಾಯಿಗೆ ಕಿವಿ ಇಟ್ಟು ಕೇಳಿದೆ. ಉಸಿರು ಇತ್ತು, ತೆಳ್ಳಗೆ, ಸಿಳ್ಳೆಯ ಹಾಗೆ.

ನನ್ನ ಬಾಯಲ್ಲೂ ಒಂದು ರುಚಿ ಇತ್ತು. ಹಳೆಯ ನಾಣ್ಯವನ್ನು ನಾಲಿಗೆ ಮೇಲೆ ಇಟ್ಟುಕೊಂಡಂತೆ. ಉಗುಳು ನುಂಗಿದೆ. ಹೋಗಲಿಲ್ಲ.

ತುರ್ತು ವಿಭಾಗದ ತುಂಬ ಹಬ್ಬಕ್ಕೆ ಮನೆ ತೊಳೆದ ಹೆಂಗಸರು. ಏಣಿಯಿಂದ ಬಿದ್ದವಳು, ಕಿಟಕಿ ಗಾಜು ಒರೆಸುತ್ತ ಕೈ ಸೀಳಿಕೊಂಡವಳು. ಗೋಡೆ ಬದಿಯ ಬೆಂಚಿನ ಮೇಲೆ ಮೂವರು ಕಣ್ಣು ಕೆಂಪು ಮಾಡಿಕೊಂಡು ಮಾಸ್ಕಿನೊಳಗೆ ಉಸಿರಾಡುತ್ತಿದ್ದರು: ಬ್ಲೀಚಿಗೆ ಆಸಿಡ್ ಬೆರೆಸಿದವರು. ಪ್ರತಿ ವರ್ಷ ಈ ವಾರ ಹೀಗೇ ಇರುತ್ತದೆ. ಡಾಕ್ಟರ್ ನನ್ನ ವಯಸ್ಸಿನವಳು. ಅತ್ತೆಯನ್ನು ಒಮ್ಮೆ ನೋಡಿದಳು, ಬೆಂಚನ್ನೊಮ್ಮೆ ನೋಡಿದಳು.

"ಬ್ಲೀಚು, ಆಸಿಡ್ಡು. ಎಷ್ಟು ಬೆರೆಸಿದ್ರು?"

"ಬೆರೆಸಿಲ್ಲ. ಅದು ಕಲ್ಲು."

"ಕಲ್ಲಾ?"

"ಮೀನಿನ ತೊಟ್ಟಿಯ ಕಲ್ಲು. ಅದನ್ನ ಕುದಿಸಿದ್ರು. ಅದರ ಮೇಲಿರೋ ಜೀವದಲ್ಲಿ ವಿಷ ಇರುತ್ತೆ. ಆವಿ ಕುಡಿದಿದ್ದಾರೆ."

ಡಾಕ್ಟರ್ ನನ್ನ ಕಪ್ಪು ಬಟ್ಟೆಯನ್ನು ನೋಡಿದಳು. ದನಿ ಮೆತ್ತಗಾಯಿತು. ಅದು ಮಾತು ಕೇಳಿಸಿಕೊಂಡವರ ಮೃದುತನವಲ್ಲ, ಕನಿಕರ.

"ಖಾನಂ, ನೀವು ಸ್ವಲ್ಪ ಕೂತ್ಕೊಳ್ಳಿ. ಆಕ್ಸಿಜನ್ ಕೊಡ್ತೀವಿ, ಸರಿಹೋಗ್ತಾರೆ."

ಆಕ್ಸಿಜನ್ ಕೊಟ್ಟರು. ಮಾಸ್ಕಿನಲ್ಲಿ ಔಷಧಿಯ ಹೊಗೆ ಬಿಟ್ಟರು. ಒಂದು ಗಂಟೆಯಲ್ಲಿ ಅತ್ತೆಯ ತುಟಿಗೆ ಬಣ್ಣ ಬಂತು. ಡಾಕ್ಟರ್ ಮತ್ತೆ ಬಂದು ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ನೋಡಿದಳು.

"ಹಾಜ್ ಖಾನಂ, ನಿಜ ಹೇಳಿ. ಬ್ಲೀಚ್ ಹಾಕಿದ್ರಾ?"

ಅತ್ತೆ ನನ್ನನ್ನು ನೋಡಿದರು. ಮಾಸ್ಕ್ ಸರಿಸಿ, "ಹಾಕಿದ್ದೆ, ಡಾಕ್ಟರ್ ಖಾನಂ. ಸ್ವಲ್ಪ ಜಾಸ್ತಿ ಬಿತ್ತು. ಮನೆಗೆ ಕಳಿಸಿಬಿಡಿ, ಪರದೆ ನೇತುಹಾಕಬೇಕು" ಎಂದರು.

ಸುಳ್ಳು. ಮಗ ಇಟ್ಟ ಕಲ್ಲಿನಿಂದ ಸಾಯುವುದಕ್ಕಿಂತ ಬ್ಲೀಚಿನಿಂದ ಹುಷಾರು ತಪ್ಪುವುದು ಅವರಿಗೆ ಸಮ್ಮತವಾಗಿತ್ತು. ಅದು ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಡಾಕ್ಟರ್ ಚೀಟಿ ಬರೆಯತೊಡಗಿದಳು. ಇನ್ನೊಂದು ಗಂಟೆ ಇದ್ದು ಹೊರಡಬಹುದು.

ಮನೆಗೆ ಹೋದರೆ ಇವರು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲಿಗೆ ದಪ್ಪಗಾಗಿ ಬಾಯಲ್ಲಿ ಬಿದ್ದುಕೊಂಡಿತ್ತು. ತುಟಿಗಳು ಜೋಮು ಹಿಡಿದಿದ್ದವು. ಅದು ದುಃಖದ ಜೋಮು ಎಂದುಕೊಂಡಿದ್ದೆ, ನಾಲ್ಕು ತಿಂಗಳಿನಿಂದ ಮೈಯೆಲ್ಲ ಹಾಗೇ ಇತ್ತಲ್ಲ. ಆಮೇಲೆ ಬೆರಳುಗಳನ್ನು ನೋಡಿದೆ. ನಡುಗುತ್ತಿದ್ದವು. ಚಳಿ ಬೆನ್ನಿನಿಂದ ಮೇಲೇರುತ್ತಿತ್ತು.

ಡಾಕ್ಟರ ಕೈ ಹಿಡಿದೆ. ಪೆನ್ನು ಕೆಳಗೆ ಬಿತ್ತು.

"ನನ್ನನ್ನ ನೋಡಿ."

"ಖಾನಂ, ಕೈ ಬಿಡಿ."

"ನಾನು ಬ್ಲೀಚ್ ಮುಟ್ಟಿಲ್ಲ. ನಾನು ಬಚ್ಚಲಲ್ಲಿ ಕಂಬಳಿ ತುಳೀತಿದ್ದೆ. ಅಡುಗೆಮನೇಲಿ ಒಂದೆರಡು ನಿಮಿಷ ಇದ್ದೆ. ಜ್ವರ ನೋಡಿ. ತುಟಿ ಜೋಮು ಹಿಡಿದಿದೆ. ಬಾಯಲ್ಲಿ ತಾಮ್ರದ ರುಚಿ. ಇವರು ಆ ಆವಿಯಲ್ಲಿ ಮುಕ್ಕಾಲು ಗಂಟೆ ನಿಂತಿದ್ರು. ಇವರು ಸುಳ್ಳು ಹೇಳ್ತಿದ್ದಾರೆ."

"ನಸ್ತರನ್," ಎಂದರು ಅತ್ತೆ.

"ಸುಳ್ಳು ಹೇಳ್ತಿದ್ದಾರೆ, ಡಾಕ್ಟರ್. ಮಗನ ಹೆಸರು ಕೆಡಬಾರದು ಅಂತ. ಕಲ್ಲನ್ನ ತಂದವನು ನನ್ನ ಗಂಡ. ಅವನೇ ನನಗೆ ಹೇಳಿದ್ದು. ಮೊದಲು ಉಸಿರು, ಆಮೇಲೆ ಸ್ನಾಯು, ಆಮೇಲೆ ಹೃದಯ. ವಿಷ ಮಾಹಿತಿ ಕೇಂದ್ರಕ್ಕೆ ಒಂದು ಫೋನ್ ಮಾಡಿ. ನಾನು ಹುಚ್ಚಿ ಅಂತ ಅವರು ಹೇಳಿದ್ರೆ ನಾವಿಬ್ರೂ ಮನೆಗೆ ಹೋಗ್ತೀವಿ."

ನಾಲ್ಕು ತಿಂಗಳಲ್ಲಿ ನಾನು ಅಷ್ಟು ಮಾತಾಡಿರಲಿಲ್ಲ. ಬೆಂಚಿನ ಮೂವರು ಹೆಂಗಸರೂ ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಡಾಕ್ಟರ್ ನನ್ನ ಹಣೆ ಮುಟ್ಟಿದಳು. ಕೈ ತಕ್ಷಣ ತೆಗೆಯಲಿಲ್ಲ. ನರ್ಸಿಗೆ ಜ್ವರ ನೋಡಲು ಹೇಳಿ, ಫೋನು ಹಿಡಿದು ಒಳಗೆ ಹೋದಳು.

ಅವಳು ಹೋದ ಹತ್ತು ನಿಮಿಷಗಳಲ್ಲಿ ನನಗೆ ಇನ್ನೊಂದು ನೆನಪಾಯಿತು. ನಮ್ಮ ಮನೆಯ ಇನ್ನೊಂದು ಬೀಗದಕೈ ಖೊದಾಕರಂ ಅವರ ಹೆಂಡತಿ ಗೋಹರ್ ಖಾನಂ ಬಳಿ ಇದೆ. ಅಕ್ಕಪಕ್ಕದವರಿಗೆ ಹುಷಾರಿಲ್ಲವೆಂದರೆ ಅವರ ಮನೆ ಕೆಲಸ ಮುಗಿಸಿಕೊಡುವ ಹೆಂಗಸು. ಮುಸುರೆ ಪಾತ್ರೆ ಹಾಗೇ ಬಿಡುವವಳಲ್ಲ. ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಐದನೆಯ ಸಲಕ್ಕೆ ಎತ್ತಿದರು.

"ಚಿಂತೆ ಮಾಡ್ಬೇಡ ಕಂದಾ, ನಾನು ಇಲ್ಲೇ ನಿಮ್ಮ ಹಜಾರದಲ್ಲೇ ಇದ್ದೀನಿ. ಧೂಳೆಲ್ಲ ಒಳಗೆ ಬಂದಿತ್ತು, ಕಿಟಕಿ ಮುಚ್ಚಿ ಗುಡಿಸ್ತಾ ಇದ್ದೀನಿ. ಇನ್ನು ಅಡುಗೆಮನೆ ಒಂದು…"

"ಆ ಬಾಗಿಲು ತೆಗೀಬೇಡಿ."

"ಯಾಕಮ್ಮ, ನಾಚಿಕೆ ಯಾತಕ್ಕೆ? ಎಲ್ಲರ ಮನೆ ಅಡುಗೆಮನೇನೂ ಈ ವಾರ ಹಂಗೇ ಇರೋದು."

"ಗೋಹರ್ ಖಾನಂ, ಅದರೊಳಗೆ ವಿಷದ ಗಾಳಿ ಇದೆ. ಮಾಮಾನ್ ಅದನ್ನ ಕುಡಿದೇ ಬಿದ್ದಿರೋದು. ಪೊರಕೆ ಅಲ್ಲೇ ಬಿಟ್ಟು ಹೊರಗೆ ಹೋಗಿ. ಈಗಲೇ. ಫೋನ್ ಇಡಬೇಡಿ. ನಡೀರಿ. ಬಾಗಿಲು ಹಾಕಿದ ಸದ್ದು ನನಗೆ ಕೇಳಬೇಕು."

ಚಪ್ಪಲಿಯ ಸದ್ದು. ಬಾಗಿಲಿನ ಸದ್ದು. ಮೆಟ್ಟಿಲ ಮೇಲೆ ಅವರ ಏದುಸಿರು. "ಹೊರಗೆ ಬಂದೆ," ಎಂದರು. "ನೀನು ಇಷ್ಟು ಜೋರಾಗಿ ಮಾತಾಡ್ತೀಯ ಅಂತ ಗೊತ್ತಿರಲಿಲ್ಲ."

ನಾನು ಫೋನು ಇಟ್ಟಾಗ ಡಾಕ್ಟರ್ ಓಡುತ್ತ ಬಂದಳು. ಅವಳ ಮುಖ ನೋಡಿದ ಕೂಡಲೇ ನನಗೆ ಇನ್ನಷ್ಟು ಭಯವಾಯಿತು. ಅವಳನ್ನು ನಂಬಿಸುವವರೆಗೆ, ನನ್ನದೇ ತಪ್ಪಿರಬಹುದು ಎಂಬ ಒಂದು ಆಸೆ ಇತ್ತು.

"ಇಬ್ಬರೂ ಎಲ್ಲಿಗೂ ಹೋಗೋ ಹಾಗಿಲ್ಲ," ಎಂದಳು. ಅತ್ತೆಯ ಚೀಟಿಯನ್ನು ಹರಿದಳು. "ಯಾಕೆ ಮೊದಲೇ ಹೀಗೆ ಕೂಗಿ ಹೇಳ್ಲಿಲ್ಲ?"

ಅವಳು ಕೇಳಿದ್ದು ಆ ಗಂಟೆಯ ಬಗ್ಗೆ. ನನಗೆ ಕೇಳಿಸಿದ್ದು ನಾಲ್ಕು ತಿಂಗಳ ಬಗ್ಗೆ.

ಸಂಜೆ ಐದಕ್ಕೆ ಅತ್ತೆಯ ಉಸಿರು ಮತ್ತೆ ಕೆಟ್ಟಿತು. ಕಾಲಿನ ಮೀನಖಂಡಗಳು ಕಲ್ಲಾದವು. ಮುಟ್ಟಿದರೆ ನರಳುತ್ತಿದ್ದರು. ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿದರು, ನಾಲ್ವರು ಸೇರಿ ಹಾಸಿಗೆಯನ್ನು ತಳ್ಳಿಕೊಂಡು ತೀವ್ರ ನಿಗಾ ಘಟಕಕ್ಕೆ ಹೋದರು. ಬಾಗಿಲವರೆಗೆ ನಾನು ನನಗೂ ಹಾಕಿದ್ದ ಸಲೈನಿನ ಕಂಬವನ್ನು ಉರುಳಿಸಿಕೊಂಡು ಹಿಂದೆ ಹೋದೆ. ಅವರು ಕಣ್ಣು ತೆರೆದು ಯಾರನ್ನೋ ಹುಡುಕಿದರು. ನನ್ನನ್ನೆಂದು ಹೇಳಲಾರೆ. ಬಾಗಿಲು ಮುಚ್ಚಿತು.

ಆ ಬಾಗಿಲ ಎದುರಿನ ಕುರ್ಚಿಯಲ್ಲಿ ನಾನು ಒಂದೇ ಲೆಕ್ಕ ಹಾಕಿದೆ. ನಲವತ್ತನೆಯ ದಿನದಿಂದ ಈವತ್ತಿಗೆ ಎಂಬತ್ತು ಬೆಳಗುಗಳು. ಪ್ರತಿ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ರೊಟ್ಟಿ, ಪನೀರು ತಿಂದಿದ್ದೇವೆ. ಅವುಗಳಲ್ಲಿ ಯಾವ ಬೆಳಿಗ್ಗೆ ಹೇಳಿದ್ದರೂ ಸಾಕಿತ್ತು. ಫರಾಮರ್ಜ್ ಸತ್ತಾಗ ನಾನು ಮನೆಯಲ್ಲಿ ಅನ್ನ ಬಸಿಯುತ್ತಿದ್ದೆ. ಅದರಲ್ಲಿ ನನ್ನ ಕೈವಾಡವಿರಲಿಲ್ಲ. ಇವರು ಸತ್ತರೆ ಹಾಗೆ ಹೇಳಿಕೊಳ್ಳುವಂತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತೆ. ಪ್ರತಿ ಸಲವೂ ನರ್ಸುಗಳು ಬೇರೆ ಯಾರನ್ನೋ ಕರೆಯಲು ಬಂದಿದ್ದರು.

ಮರುದಿನ ಮಧ್ಯಾಹ್ನ ನನ್ನ ಹೆಸರು ಕರೆದರು. ಕಾಲು ಎಳೆದುಕೊಂಡು ಹೋದೆ. ಬಾಗಿಲಲ್ಲಿ ಡಾಕ್ಟರ್ ನಿಂತಿದ್ದಳು, ನಿನ್ನೆಯದೇ ಬಟ್ಟೆ. "ಹೃದಯ ತಡ್ಕೊಂಡಿದೆ. ಮೂತ್ರಪಿಂಡ ಇನ್ನೆರಡು ದಿನ ನೋಡಬೇಕು. ಐದು ನಿಮಿಷ ಮಾತ್ರ. ಅವರನ್ನ ಮಾತಾಡಿಸ್ಬೇಡಿ."

ಅತ್ತೆ ಮೊದಲಿಗಿಂತ ಚಿಕ್ಕವರಾಗಿ ಕಂಡರು. ಮಾಸ್ಕಿನ ಗುರುತು ಕೆನ್ನೆಯಲ್ಲಿ ಅಚ್ಚೊತ್ತಿತ್ತು. ದನಿ ಮರಳು ಉಜ್ಜಿದಂತೆ.

"ಕೂತ್ಕೋ."

ಕೂತೆ.

"ಯಾವಾಗಿಂದ ಗೊತ್ತಿತ್ತು ನಿನಗೆ?"

ಸುಳ್ಳು ಹೇಳಬಹುದಿತ್ತು. ಫೋನಿನಲ್ಲಿ ಎಲ್ಲೋ ಓದಿದೆ ಎಂದರೂ ನಡೆಯುತ್ತಿತ್ತು.

"ಅವನು ಕಲ್ಲು ತಂದ ದಿನಾನೇ ಹೇಳಿದ್ದ. ಎರಡು ವರ್ಷ ಆಯ್ತು."

"ನಂಗೆ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ನಾನು ದಿನಾ ಆ ತೊಟ್ಟೀನ ಬೈತಿದ್ದೆ. ತೊಳೀತೀನಿ ಅಂತಿದ್ದೆ. ಕೇಳಿಸ್ತಿತ್ತು ತಾನೆ?"

"ಕೇಳಿಸ್ತಿತ್ತು, ಮಾಮಾನ್. ಮಾತು ಬರ್ತಿರಲಿಲ್ಲ."

ಅವರು ಚಾವಣಿ ನೋಡಿದರು. ಯಂತ್ರದ ಗೆರೆ ಎದ್ದು ಬಿದ್ದು ಹೋಗುತ್ತಿತ್ತು. ಹೊರಗೆ ಹೋಗು ಎನ್ನುತ್ತಾರೆಂದು ಕಾದೆ. ಮನೆ ಬಿಟ್ಟು ಹೋಗು ಎಂದರೂ ಹೋಗಲು ಸಿದ್ಧವಿದ್ದೆ.

ಅವರು ನನ್ನ ಕಡೆ ತಿರುಗಿದರು.

"ಇನ್ನೇನು ಹೇಳಿದ್ದ ಅವನು? ನೀನು ನನಗೆ ಹೇಳದೇ ಇರೋದು."

ಇದನ್ನು ನಾನು ಎಣಿಸಿರಲಿಲ್ಲ. ಒಂದಿತ್ತು. ಬೊರಾಜ್‌ಜಾನಿನಿಂದ ಹೊರಡುವ ಮುಂಚೆ ಅವನು ಮಾಡಿದ ಫೋನು. ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ನನ್ನ ಪಾಲಿಗೆ ಉಳಿದದ್ದು ಅದೊಂದೇ ಎಂದು ಬಚ್ಚಿಟ್ಟುಕೊಂಡಿದ್ದೆ. ಹೇಳಿದರೆ ಅದು ಸವೆದು ಹೋಗುತ್ತದೆಂಬ ಭಯವಿತ್ತು.

"ಕೊನೇ ದಿನ ಫೋನ್ ಮಾಡಿದ್ದ," ಎಂದೆ. "ಶುಕ್ರವಾರ ಹೋಗಿ ಅಮ್ಮನ್ನ ಕರ್ಕೊಂಡು ಬರ್ತೀನಿ, ಇನ್ನು ಮೇಲೆ ಅಮ್ಮ ನಮ್ಮ ಜೊತೇನೇ ಇರ್ಲಿ ಅಂದ. ಈಗ್ಲೇ ಅವಳಿಗೆ ಹೇಳ್ಬೇಡ ಅಂದ."

"ಯಾಕೆ?"

"ಹೇಳಿದ್ರೆ ಅವಳು ಇವತ್ತೇ ಬಸ್ ಹತ್ತಿ ಬಂದು, ನಾನು ಮನೆ ಸೇರೋ ಹೊತ್ತಿಗೆ ಮನೇಲಿರೋದನ್ನೆಲ್ಲ ನನ್ನ ಶೂ ಸಮೇತ ಕುದಿಸಿಟ್ಟಿರ್ತಾಳೆ ಅಂದ."

ಅವರ ಬಾಯಿ ಒಂದು ಕಡೆಗೆ ಎಳೆಯಿತು. ಎದೆ ಮೇಲೆದ್ದಿತು. ನಗು ಎಂದುಕೊಂಡೆ, ಅದು ಕೆಮ್ಮಾಗಿ ಬಂತು. ನಿಲ್ಲಲಿಲ್ಲ. ಮುಖ ಕೆಂಪಾಯಿತು, ಕತ್ತಿನ ಗುಳಿ ಮತ್ತೆ ಒಳಗೆ ಹೋಯಿತು, ಯಂತ್ರ ಕೂಗಿಕೊಂಡಿತು. ನಾನು ಎದ್ದು ಅವರ ಬೆನ್ನಿಗೆ ಕೈ ಕೊಟ್ಟು ಎತ್ತಿ ಹಿಡಿದೆ. ನರ್ಸ್ ಓ ನರ್ಸ್ ಎಂದು ಕೂಗಿದೆ. ನನ್ನ ಅಂಗೈಯ ಅಡಿಯಲ್ಲಿ ಅವರ ಪಕ್ಕೆಲುಬುಗಳು ಒಂದೊಂದಾಗಿ ಸಿಗುತ್ತಿದ್ದವು. ಒಂದು ಉಸಿರು. ಬಹಳ ಹೊತ್ತಿನ ಮೇಲೆ ಇನ್ನೊಂದು. ನರ್ಸ್ ಬಂದು ಮಾಸ್ಕ್ ಒತ್ತಿ, ನನ್ನನ್ನು ದುರುಗುಟ್ಟಿ ನೋಡಿ, ಹೊರಗೆ ನಡೆಯಲು ಬಾಗಿಲು ತೋರಿಸಿದಳು.

ಅತ್ತೆಯ ಕೈ ನನ್ನ ತೋಳನ್ನು ಹಿಡಿದಿತ್ತು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಮಾಸ್ಕಿನೊಳಗೆ ತುಟಿ ಆಡಿತು. ಬಗ್ಗಿದೆ.

"ಮುಂದೆ ಹೇಳು," ಎಂದರು.